ಚಳಿ ಕೋಣೆಗೆ ಬೂಸ್ಟರ್ ಫ್ಯಾನಿನ ಹುಸಿ ಮದ್ದು

ನವೆಂಬರ್ ಬಂತೆಂದರೆ ಅಮೆರಿಕ, ಕೆನಡಾಗಳ ಹಾರ್ಡ್‌ವೇರ್ ಅಂಗಡಿಗಳ ಕಪಾಟಿನಲ್ಲಿ ಪುಟ್ಟ ಫ್ಯಾನುಗಳು ಸಾಲುಗಟ್ಟುತ್ತವೆ. ಆರು ಇಂಚು ವ್ಯಾಸದ ತಗಡಿನ ಕೊಳವೆ, ಅದರೊಳಗೆ ನಾಲ್ಕೈದು ರೆಕ್ಕೆ, ನಡುವೆ ಮುಷ್ಟಿಗಾತ್ರದ ಮೋಟಾರು. ಹೆಸರು ಡಕ್ಟ್ ಬೂಸ್ಟರ್. ಮನೆಯ ಯಾವುದೋ ಒಂದು ಕೋಣೆ, ಸಾಮಾನ್ಯವಾಗಿ ಗ್ಯಾರೇಜಿನ ಮೇಲಿನದು, ಇಲ್ಲವೇ ಫರ್ನೇಸಿನಿಂದ ಅತಿ ದೂರದ ಮೂಲೆಯದು, ಚಳಿಗಾಲದಲ್ಲಿ ಬೆಚ್ಚಗಾಗುವುದೇ ಇಲ್ಲ ಎಂದು ಯಾರಾದರೂ ಗೊಣಗಿದರೆ ಸಾಕು, ಪಕ್ಕದ ಮನೆಯವರಿಂದ ಹಿಡಿದು ಅಂಗಡಿಯ ಸಹಾಯಕನವರೆಗೆ ಎಲ್ಲರ ಬಾಯಲ್ಲೂ ಒಂದೇ ಸಲಹೆ: ಆ ಕೋಣೆಯ ಡಕ್ಟಿಗೆ ಒಂದು ಬೂಸ್ಟರ್ ಕೂರಿಸಿ, ಫರ್ನೇಸಿಗೆ ವೈರ್ ಎಳೆದುಬಿಡಿ. ಫರ್ನೇಸ್ ಓಡಿದಾಗ ಅದೂ ಓಡುತ್ತದೆ, ಅದು ನಿಂತಾಗ ಇದೂ ನಿಲ್ಲುತ್ತದೆ. ಕತೆ ಮುಗಿಯಿತು.

ಕತೆ ಮುಗಿಯುವುದಿಲ್ಲ. ಈ ಸಲಹೆಯಲ್ಲಿ ತಪ್ಪುಗಳ ಮೇಲೆ ತಪ್ಪುಗಳಿವೆ. ಫ್ಯಾನು ದುರ್ಬಲ ಎಂಬುದು ಅವುಗಳಲ್ಲಿ ಸಣ್ಣದು. ಎಲ್ಲಕ್ಕಿಂತ ದೊಡ್ಡದು ಎಲ್ಲರೂ ಜಾಣತನವೆಂದು ತಿಳಿದಿರುವ ಆ ಕೊನೆಯ ಮಾತಿನಲ್ಲೇ ಇದೆ: ಫರ್ನೇಸಿನ ಜೊತೆಜೊತೆಗೇ ಓಡಿಸುವುದು.

ನ್ಯೂಜೆರ್ಸಿ, ಷಿಕಾಗೊ, ಡೆಟ್ರಾಯಿಟ್, ಟೊರಾಂಟೊಗಳ ಹೊರವಲಯದಲ್ಲಿ ಮನೆ ಕೊಂಡ ಕನ್ನಡದ ಸಂಸಾರಗಳಿಗೂ ಈ ಚಳಿ ಕೋಣೆ ಹೊಸದೇನಲ್ಲ. ಊರಿನಿಂದ ಕೆಲವು ತಿಂಗಳಿಗೆಂದು ಬರುವ ಅಪ್ಪ ಅಮ್ಮನ ಪಾಲಿಗೆ ಎಷ್ಟೋ ಕಡೆ ಸಿಗುವುದು ಅದೇ ಕೋಣೆ. ಸೀಲಿಂಗ್ ಫ್ಯಾನಿನ ಕೆಳಗೆ ಬೆಳೆದವರಿಗೆ ಗಾಳಿ ಬೇಕೆಂದರೆ ಫ್ಯಾನ್ ಹಾಕಬೇಕು ಅನ್ನಿಸುವುದು ಸಹಜ. ಆದರೆ ಸೀಲಿಂಗ್ ಫ್ಯಾನ್ ತೆರೆದ ಕೋಣೆಯಲ್ಲಿ ತಿರುಗುತ್ತದೆ, ಅದನ್ನು ತಡೆಯುವವರಿಲ್ಲ. ಡಕ್ಟಿನೊಳಗಿನ ಲೆಕ್ಕವೇ ಬೇರೆ.

ಅಲ್ಲಿನ ಮನೆ ಬಿಸಿಯಾಗುವ ಬಗೆ ಸ್ಥೂಲವಾಗಿ ಹೀಗೆ. ಬೇಸ್‌ಮೆಂಟಿನಲ್ಲೋ ಅಟ್ಟದಲ್ಲೋ ಒಂದು ಗ್ಯಾಸ್ ಫರ್ನೇಸ್. ಅದರ ಬರ್ನರುಗಳು ಲೋಹದ ಹೀಟ್ ಎಕ್ಸ್‌ಚೇಂಜರನ್ನು ಕಾಯಿಸುತ್ತವೆ. ಬ್ಲೋವರ್ ಎಂಬ ದೊಡ್ಡ ಫ್ಯಾನು ಮನೆಯ ಗಾಳಿಯನ್ನು ಅದರ ಮೇಲೆ ಹಾಯಿಸಿ, ಮುಖ್ಯ ಡಕ್ಟಿಗೆ ನೂಕಿ, ಅಲ್ಲಿಂದ ಕವಲು ಡಕ್ಟುಗಳ ಮೂಲಕ ಕೋಣೆಕೋಣೆಗೆ ಕಳಿಸುತ್ತದೆ. ತಣಿದ ಗಾಳಿ ರಿಟರ್ನ್ ಡಕ್ಟಿನಲ್ಲಿ ವಾಪಸು ಬರುತ್ತದೆ. ಯಾವ ಕೋಣೆಗೆ ಎಷ್ಟು ಗಾಳಿ ಎಂಬುದನ್ನು ತೀರ್ಮಾನಿಸುವುದು ಒತ್ತಡ ಮತ್ತು ಅಡ್ಡಿ: ಕೊಳವೆ ಎಷ್ಟು ದಪ್ಪ, ಎಷ್ಟು ಉದ್ದ, ಎಷ್ಟು ತಿರುವು, ಫಿಲ್ಟರ್ ಎಷ್ಟು ಕೊಳೆಯಾಗಿದೆ. ಸಾಮಾನ್ಯ ಮನೆ ಫರ್ನೇಸಿನ ಬ್ಲೋವರನ್ನು ಅರ್ಧ ಇಂಚು ನೀರಿನ ಮಟ್ಟದಷ್ಟು, ಅಂದರೆ ಸುಮಾರು 125 ಪಾಸ್ಕಲ್ ಒತ್ತಡಕ್ಕೆಂದು ರೂಪಿಸಿರುತ್ತಾರೆ. ಮನೆಗಳಲ್ಲಿ ಮಾಪಕ ಹಿಡಿದು ನೋಡಿದಾಗ ಈ ಮಿತಿ ದಾಟಿರುವುದು ಏನೂ ಅಪರೂಪವಲ್ಲ. ಅಂದರೆ ಬೂಸ್ಟರ್ ಬರುವ ಮೊದಲೇ ವ್ಯವಸ್ಥೆ ಏದುಸಿರು ಬಿಡುತ್ತಿರುತ್ತದೆ.

ಈಗ ಡಬ್ಬಿಯ ಮೇಲಿನ ಸಂಖ್ಯೆಗೆ ಬರೋಣ. ಆರು ಇಂಚಿನ ಬೂಸ್ಟರಿನ ಡಬ್ಬಿಯ ಮೇಲೆ 250 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 250 ಘನ ಅಡಿ ಗಾಳಿ ಎಂದು ಮೆರೆಸಿರುವುದು ಸಾಮಾನ್ಯ. ಈ ಸಂಖ್ಯೆ ಸುಳ್ಳಲ್ಲ. ಆದರೆ ಅದು ಹಿಂದೆ ಮುಂದೆ ಏನೂ ಜೋಡಿಸದೆ ಫ್ಯಾನನ್ನು ಬಯಲಿನಲ್ಲಿ ತಿರುಗಿಸಿದಾಗಿನ ಅಳತೆ. ಆರು ಇಂಚಿನ ತಗಡಿನ ಕೊಳವೆ ಮನೆಯ ವ್ಯವಸ್ಥೆಯೊಂದರಲ್ಲಿ ಸಮಾಧಾನವಾಗಿ ಸಾಗಿಸುವುದು ಹೆಚ್ಚುಕಡಿಮೆ 100 ಸಿಎಫ್‌ಎಂ. ಅದೇ ಕೊಳವೆಯಲ್ಲಿ 250 ಹರಿಸಬೇಕೆಂದರೆ ಗಾಳಿಯ ವೇಗ ನಿಮಿಷಕ್ಕೆ 1,270 ಅಡಿ ದಾಟಬೇಕು. ಕವಲು ಡಕ್ಟಿನಲ್ಲಿ ವಿನ್ಯಾಸಕಾರರು 900ರ ಮೇಲೆ ಹೋಗಲು ಒಪ್ಪುವುದಿಲ್ಲ. ಹೋದರೆ ಕೋಣೆಯಲ್ಲಿ ನಿದ್ದೆ ಬರುವುದಿಲ್ಲ. ಅಷ್ಟಕ್ಕೂ ಆ ಅಗ್ಗದ ರೆಕ್ಕೆಗಳಿಗೆ ಅಷ್ಟು ವೇಗ ಹುಟ್ಟಿಸುವ ತಾಕತ್ತೇ ಇಲ್ಲ. ಎದುರಿಗೆ ಒತ್ತಡ ಕಂಡೊಡನೆ ಈ ಬಗೆಯ ಫ್ಯಾನು ಕುಸಿಯುತ್ತದೆ.

ಒಂದು ಉದಾಹರಣೆಯ ಲೆಕ್ಕ ಹಾಕಬಹುದು. ಬೂಸ್ಟರ್ ಕೂರಿಸಿದ ಮೇಲೆ ಆ ಕೋಣೆಗೆ 30 ಸಿಎಫ್‌ಎಂ ಗಾಳಿ ಹೆಚ್ಚುವರಿಯಾಗಿ ಬಂತೆಂದು ಉದಾರವಾಗಿ ಒಪ್ಪಿಕೊಳ್ಳೋಣ. ಬರುವ ಗಾಳಿ 120 ಡಿಗ್ರಿ ಫ್ಯಾರನ್‌ಹೀಟ್, ಕೋಣೆ 70. ಈ ಕಸುಬಿನವರೆಲ್ಲರಿಗೂ ಬಾಯಿಪಾಠವಾಗಿರುವ ಸೂತ್ರದಂತೆ 1.08 ಗುಣಿಸು 30 ಗುಣಿಸು 50. ಗಂಟೆಗೆ 1,620 ಬಿಟಿಯು. ವಿದ್ಯುತ್ತಿನ ಭಾಷೆಯಲ್ಲಿ ಸುಮಾರು 475 ವ್ಯಾಟ್. ಅದೂ ಫರ್ನೇಸ್ ಉರಿಯುತ್ತಿರುವಾಗ ಮಾತ್ರ. ಸಾಧಾರಣ ಚಳಿಯ ದಿನ ಫರ್ನೇಸ್ ಗಂಟೆಯಲ್ಲಿ ಮೂರನೇ ಒಂದು ಭಾಗ ಓಡಿತೆನ್ನಿ, ಸರಾಸರಿ 160 ವ್ಯಾಟ್ ಆಯಿತು. ಇದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಹೀಟರ್ 1,500 ವ್ಯಾಟಿನದು. ಡಕ್ಟಿನ ತಗಡು ಕತ್ತರಿಸಿ, ವೈರ್ ಎಳೆದು, ಭಾನುವಾರ ಕಳೆದು ಗಳಿಸಿದ್ದು ಅದರ ಒಂಬತ್ತನೇ ಒಂದು ಪಾಲು.

ಆ ಮೂವತ್ತು ಸಿಎಫ್‌ಎಂ ಎಲ್ಲಿಂದ ಬಂತು ಎಂಬುದನ್ನೂ ಯಾರೂ ಕೇಳುವುದಿಲ್ಲ. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಬೀದಿಯ ಒಂದು ಮನೆಯವರು ಜಲಮಂಡಳಿಯ ನಲ್ಲಿಗೆ ನೇರವಾಗಿ ಮೋಟಾರ್ ಹಚ್ಚಿದರೆ ಅವರ ಸಂಪು ತುಂಬುತ್ತದೆ, ಮುಂದಿನ ಮನೆಗಳ ನಲ್ಲಿ ಒಣಗುತ್ತದೆ. ಕೊಳವೆಯಲ್ಲಿ ಎಲ್ಲಾದರೂ ಸೋರಿಕೆಯಿದ್ದರೆ ಸುತ್ತಲಿನ ಕೊಳಚೆಯೂ ಒಳಗೆ ಎಳೆಯಲ್ಪಡುತ್ತದೆ. ಮಂಡಳಿ ಅದನ್ನು ನಿಷೇಧಿಸಿರುವುದು ಸುಮ್ಮನೆ ಅಲ್ಲ. ಡಕ್ಟ್ ಬೂಸ್ಟರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಬ್ಲೋವರ್ ತಳ್ಳುವ ಒಟ್ಟು ಗಾಳಿ ತುಸು ಏರಬಹುದು, ಆದರೆ ಹೆಚ್ಚಿನ ಪಾಲು ಇತರ ಕೋಣೆಗಳ ಲೆಕ್ಕದಿಂದಲೇ ಕಳೆಯುತ್ತದೆ. ಅದಕ್ಕೇ ಒಂದು ಬೂಸ್ಟರ್ ಹಾಕಿದ ಮನೆಯಲ್ಲಿ ಮುಂದಿನ ಚಳಿಗಾಲಕ್ಕೆ ಎರಡನೆಯದು ಬೇಕಾಗುತ್ತದೆ.

ಕೊಳಚೆಯ ಮಾತೂ ಇಲ್ಲಿಗೆ ಅನ್ವಯಿಸುತ್ತದೆ. ಕವಲಿನ ನಡುವೆ ಕೂತ ಫ್ಯಾನು ನಿಜಕ್ಕೂ ಬಲವಾಗಿದ್ದರೆ, ಅದರ ಹಿಂಬದಿಯ ಡಕ್ಟಿನಲ್ಲಿ ಒತ್ತಡ ಸುತ್ತಲಿನ ಗಾಳಿಗಿಂತ ಕೆಳಗಿಳಿಯಬಹುದು. ಆಗ ಆ ಭಾಗದ ಸಂದುಗಳು ಗಾಳಿ ಸೋರಿಸುವ ಬದಲು ಹೀರತೊಡಗುತ್ತವೆ. ಚಳಿ ಕೋಣೆ ಗ್ಯಾರೇಜಿನ ಮೇಲಿದ್ದರೆ, ಡಕ್ಟು ಗ್ಯಾರೇಜಿನ ಛಾವಣಿಯಲ್ಲಿ ಹಾದುಹೋಗಿದ್ದರೆ, ಹೀರಿಕೊಳ್ಳುವುದು ಕಾರಿನ ಹೊಗೆ, ಪೆಟ್ರೋಲಿನ ಆವಿ. ಅಮೆರಿಕದ ವಸತಿ ಕಟ್ಟಡ ಸಂಹಿತೆ ಗ್ಯಾರೇಜಿನೊಳಗಿನ ಡಕ್ಟು ಕನಿಷ್ಠ 26 ಗೇಜಿನ ಉಕ್ಕಿನ ತಗಡಾಗಿರಬೇಕು, ಅದಕ್ಕೆ ಗ್ಯಾರೇಜಿನತ್ತ ಯಾವ ಕಿಂಡಿಯೂ ಇರಕೂಡದು ಎಂದು ವಿಧಿಸಿರುವುದು ಬೆಂಕಿ ಮತ್ತು ಹೊಗೆಯ ಭಯದಿಂದ. ಆ ತಗಡನ್ನೇ ನಡುವೆ ಕತ್ತರಿಸಿ ಪ್ಲಾಸ್ಟಿಕ್ ಟೇಪು ಸುತ್ತಿ ಫ್ಯಾನ್ ಕೂರಿಸುವ ಸಾಹಸಿಗಳಿಗೆ ಈ ನಿಯಮ ನೆನಪಾಗುವುದಿಲ್ಲ.

ಇನ್ನು ವೈರಿಂಗು. ಸಲಹೆಗಾರರು ಒಂದೇ ಉಸಿರಿಗೆ ಹೇಳಿ ಮುಗಿಸುವ ‘ಫರ್ನೇಸಿಗೆ ವೈರ್ ಎಳೆದುಬಿಡಿ’ ಎಂಬ ಮಾತಿನೊಳಗೆ ಕನಿಷ್ಠ ಐದು ಬಗೆಯ ಅನಾಹುತಗಳು ಅವಿತಿವೆ. ಒಂದೊಂದನ್ನೂ ನಿಧಾನವಾಗಿಯೇ ನೋಡಬೇಕು.

ಥರ್ಮೋಸ್ಟಾಟಿನಿಂದ ಫರ್ನೇಸಿಗೆ ಬರುವ ಸಣ್ಣ ವೈರುಗಳಲ್ಲಿರುವುದು 24 ವೋಲ್ಟ್. ಅದನ್ನು ಕೊಡುವ ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ 40 ವೋಲ್ಟ್-ಆಂಪಿಯರಿನದು. ಬೂಸ್ಟರಿಗೆ ಬೇಕಾದದ್ದು 120 ವೋಲ್ಟ್. ಎರಡನ್ನೂ ನೇರ ಸೇರಿಸುವ ಹಾಗೇ ಇಲ್ಲ, ನಡುವೆ ರಿಲೇ ಎಂಬ ವಿದ್ಯುತ್ ಸ್ವಿಚ್ಚು ಬೇಕು. ಸರಿ, ರಿಲೇ ತಂದಾಯಿತು. ಅದನ್ನು ಯಾವ ಟರ್ಮಿನಲ್ಲಿಗೆ ಹಚ್ಚುವುದು? ಹೆಚ್ಚಿನವರ ಕೈ ಹೋಗುವುದು ‘ಜಿ’ ಎಂದು ಗುರುತು ಹಾಕಿದ ಕಡೆಗೆ, ಯಾಕೆಂದರೆ ಅದು ಫ್ಯಾನಿನ ಟರ್ಮಿನಲ್. ತಮಾಷೆಯೆಂದರೆ ಗ್ಯಾಸ್ ಫರ್ನೇಸಿರುವ ಮನೆಯಲ್ಲಿ ಚಳಿಗಾಲದ ಬಿಸಿಗೆ ಥರ್ಮೋಸ್ಟಾಟ್ ಸಾಮಾನ್ಯವಾಗಿ ‘ಜಿ’ಗೆ ಸಂಜ್ಞೆ ಕೊಡುವುದೇ ಇಲ್ಲ, ಬ್ಲೋವರನ್ನು ಯಾವಾಗ ಓಡಿಸಬೇಕೆಂದು ಫರ್ನೇಸ್ ತಾನೇ ನಿರ್ಧರಿಸುತ್ತದೆ. ‘ಜಿ’ಗೆ ಕಟ್ಟಿದ ಬೂಸ್ಟರ್ ಬೇಸಿಗೆಯಲ್ಲಿ ಏಸಿಯ ಜೊತೆ ಚೆನ್ನಾಗಿ ಓಡುತ್ತದೆ, ಜನವರಿಯಲ್ಲಿ ಮೌನ ವ್ರತ ಹಿಡಿಯುತ್ತದೆ.

ಹಾಗಾದರೆ ‘ಡಬ್ಲ್ಯೂ’, ಅಂದರೆ ಬಿಸಿಯ ಟರ್ಮಿನಲ್. ಇದು ಓಡುತ್ತದೆ, ಆದರೆ ಹೊತ್ತು ತಪ್ಪಿ. ‘ಡಬ್ಲ್ಯೂ’ಗೆ ಸಂಜ್ಞೆ ಬಂದ ತಕ್ಷಣ ಬ್ಲೋವರ್ ಓಡುವುದಿಲ್ಲ. ಮೊದಲು ಹೊಗೆ ಎಳೆಯುವ ಇಂಡ್ಯೂಸರ್, ಆಮೇಲೆ ಒತ್ತಡದ ಸ್ವಿಚ್ಚು, ಇಗ್ನೈಟರ್, ಜ್ವಾಲೆ. ಲೋಹ ಕಾಯಲು ಒಂದಷ್ಟು ಹೊತ್ತು. ಆ ಬಳಿಕ ಬ್ಲೋವರ್. ಅಷ್ಟರವರೆಗೂ ಬೂಸ್ಟರ್ ಡಕ್ಟಿನಲ್ಲಿ ತಣ್ಣಗೆ ಕೂತಿದ್ದ ಗಾಳಿಯನ್ನೇ ಮಲಗಿದವರ ಮೇಲೆ ಊದುತ್ತಿರುತ್ತದೆ. ಕೊನೆಯಲ್ಲಿ ತದ್ವಿರುದ್ಧ: ಜ್ವಾಲೆ ಆರಿದ ಮೇಲೂ ಎಕ್ಸ್‌ಚೇಂಜರಿನಲ್ಲಿ ಉಳಿದ ಬಿಸಿಯನ್ನು ಹಂಚಲೆಂದು ಬ್ಲೋವರ್ ಒಂದೂವರೆಯಿಂದ ಮೂರು ನಿಮಿಷ ಓಡುತ್ತಲೇ ಇರುತ್ತದೆ. ಬೂಸ್ಟರ್ ಮಾತ್ರ ‘ಡಬ್ಲ್ಯೂ’ ಹೋದ ಕ್ಷಣವೇ ನಿಂತಿರುತ್ತದೆ. ನಿಂತ ರೆಕ್ಕೆ ಕೊಳವೆಗೆ ಅಡ್ಡವಾಗಿ ಕೂತ ತಡೆ. ಬಿಸಿ ಗಾಳಿ ಬಿಟ್ಟಿಯಾಗಿ ಸಿಗುವ ಹೊತ್ತಿನಲ್ಲೇ ಆ ಕೋಣೆಗೆ ಮೊದಲಿಗಿಂತ ಕಡಿಮೆ.

ಕೆಲವರು ಇದಕ್ಕಿಂತ ಧೈರ್ಯಸ್ಥರು. ಥರ್ಮೋಸ್ಟಾಟಿನ ಗೊಡವೆಯೇ ಬೇಡ, ಬ್ಲೋವರಿಗೆ ಹೋಗುವ 120 ವೋಲ್ಟಿನ ವೈರಿಗೇ ಬೂಸ್ಟರನ್ನು ಸೇರಿಸಿಬಿಡೋಣ ಎನ್ನುತ್ತಾರೆ. ಹಳೆಯ ಕಾಲದ ಬ್ಲೋವರ್ ಮೋಟಾರಿಗೆ ಮೂರು ನಾಲ್ಕು ವೇಗದ ವೈರುಗಳಿರುತ್ತವೆ; ಬಿಸಿಗೆ ಒಂದು, ತಂಪಿಗೆ ಇನ್ನೊಂದು. ಬೇಸಿಗೆ ಚಳಿಗಾಲ ಎರಡರಲ್ಲೂ ಬೂಸ್ಟರ್ ಓಡಲೆಂದು ಯಾರಾದರೂ ಎರಡೂ ವೈರುಗಳಿಗೆ ಒಟ್ಟಿಗೆ ಗಂಟು ಹಾಕಿದರೆ ಮೋಟಾರಿನ ಎರಡು ವೇಗದ ಸುರುಳಿಗಳಿಗೆ ಏಕಕಾಲಕ್ಕೆ ವಿದ್ಯುತ್ ಹರಿಯುತ್ತದೆ, ಮೋಟಾರ್ ಸುಟ್ಟುಹೋಗುತ್ತದೆ. ಐವತ್ತು ಡಾಲರಿನ ಫ್ಯಾನಿಗಾಗಿ ಫರ್ನೇಸಿನ ಹೃದಯ ಹೋಯಿತು. ಉಪಯೋಗದಲ್ಲಿಲ್ಲದ ವೈರು ಸತ್ತ ವೈರು ಎಂಬ ನಂಬಿಕೆಯೂ ಅಪಾಯದ್ದೇ. ಮೋಟಾರ್ ಓಡುವಾಗ ಅದರ ತುದಿಯಲ್ಲಿ ಶಾಕ್ ಹೊಡೆಯುವಷ್ಟು ವೋಲ್ಟೇಜ್ ಇರುತ್ತದೆ.

ಹೊಸ ಫರ್ನೇಸುಗಳಲ್ಲಿ ಈ ಉಪಾಯ ಇನ್ನೊಂದು ರೀತಿಯಲ್ಲಿ ಕೈಕೊಡುತ್ತದೆ. ಅಮೆರಿಕದ ಇಂಧನ ಇಲಾಖೆ 2014ರಲ್ಲಿ ಫರ್ನೇಸ್ ಫ್ಯಾನುಗಳ ದಕ್ಷತೆಗೆ ನಿಯಮ ತಂದಿತು. ಅದು 2019ರ ಜುಲೈ 3ರಿಂದ ಜಾರಿಗೆ ಬಂತು. ಅಂದಿನಿಂದ ಹೊಸ ಫರ್ನೇಸುಗಳಲ್ಲಿ ಇಸಿಎಂ ಎಂಬ ಎಲೆಕ್ಟ್ರಾನಿಕ್ ಮೋಟಾರುಗಳೇ ಸಾಮಾನ್ಯವಾದವು. ಈ ಮೋಟಾರಿಗೆ 120 ವೋಲ್ಟ್ ಸದಾ ಹರಿಯುತ್ತಲೇ ಇರುತ್ತದೆ. ಓಡು, ನಿಲ್ಲು ಎಂಬ ಆಜ್ಞೆ ಬೇರೆ ಸಣ್ಣ ವೈರಿನಲ್ಲಿ ಬರುತ್ತದೆ. ಹಳೆಯ ಚಾಳಿಯಂತೆ ಅದರ ವಿದ್ಯುತ್ ವೈರಿಗೆ ಬೂಸ್ಟರ್ ಕಟ್ಟಿದವರ ಮನೆಯಲ್ಲಿ ಅದು ಹಗಲೂ ರಾತ್ರಿ, ಚಳಿಗಾಲ ಬೇಸಿಗೆಯೆನ್ನದೆ ಓಡುತ್ತಲೇ ಇರುತ್ತದೆ. ಫರ್ನೇಸ್ ನಿಂತಾಗ ಬೇಸ್‌ಮೆಂಟಿನ ತಣ್ಣನೆಯ ಗಾಳಿಯನ್ನು ಚಳಿ ಕೋಣೆಗೇ ಸಾಗಿಸುತ್ತದೆ. ಚಳಿಗೆ ಔಷಧಿಯೆಂದು ತಂದದ್ದು ಚಳಿಯನ್ನೇ ಬಡಿಸುತ್ತಿದೆ ಎಂದು ಮನೆಯವರಿಗೆ ಹೊಳೆಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ.

ನಿಯಮಗಳ ಕಡೆಗೂ ಒಂದು ಕಣ್ಣು. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಥರ್ಮೋಸ್ಟಾಟಿನಂತಹ ಸಣ್ಣ ವೋಲ್ಟಿನ ವೈರುಗಳನ್ನೂ 120 ವೋಲ್ಟಿನ ವೈರುಗಳನ್ನೂ ಒಂದೇ ಡಬ್ಬಿಯಲ್ಲಿ, ಒಂದೇ ಕೊಳವೆಯಲ್ಲಿ ಬೆರೆಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಕಾರಣ ಸರಳ: ನಿರೋಧಕ ಪದರ ಸವೆದು ಎರಡೂ ತಾಗಿದರೆ ಹಾಲ್‌ನ ಗೋಡೆಯ ಮೇಲಿನ ಥರ್ಮೋಸ್ಟಾಟಿಗೇ 120 ವೋಲ್ಟ್ ಬಂದು ಕೂರುತ್ತದೆ. ಅದೇ ಸಂಹಿತೆ ಕೇಂದ್ರೀಯ ತಾಪನ ಯಂತ್ರಕ್ಕೆ ಪ್ರತ್ಯೇಕ ಸರ್ಕ್ಯೂಟ್ ಬೇಕೆನ್ನುತ್ತದೆ. ಹ್ಯೂಮಿಡಿಫೈಯರ್, ಗಾಳಿ ಶೋಧಕದಂತಹ ನೇರ ಸಂಬಂಧಿತ ಉಪಕರಣಗಳಿಗೆ ಮಾತ್ರ ವಿನಾಯಿತಿ. ಬೂಸ್ಟರ್ ಈ ವಿನಾಯಿತಿಯೊಳಗೆ ಬರುತ್ತದೆಯೇ ಎಂಬುದನ್ನು ಆಯಾ ಊರಿನ ಇನ್‌ಸ್ಪೆಕ್ಟರನನ್ನೇ ಕೇಳಬೇಕು. ಕೇಳುವವರು ವಿರಳ.

ಸರಿಯಾದ ದಾರಿ ಇಲ್ಲವೆಂದಲ್ಲ. ಅನೇಕ ಫರ್ನೇಸುಗಳ ಕಂಟ್ರೋಲ್ ಬೋರ್ಡಿನಲ್ಲಿ ಎಲೆಕ್ಟ್ರಾನಿಕ್ ಗಾಳಿ ಶೋಧಕಕ್ಕೆಂದು ‘ಇಎಸಿ’ ಎಂಬ 120 ವೋಲ್ಟಿನ ಟರ್ಮಿನಲ್ ಇರುತ್ತದೆ. ಬ್ಲೋವರ್ ಓಡಿದಾಗ ಅದಕ್ಕೆ ವಿದ್ಯುತ್ ಬರುತ್ತದೆ, ನಿಂತಾಗ ಹೋಗುತ್ತದೆ. ಸಾಮಾನ್ಯವಾಗಿ ಒಂದು ಆಂಪಿಯರ್ ಮಿತಿ. ಸಣ್ಣ ಬೂಸ್ಟರ್ ಅದರೊಳಗೆ ಹಿಡಿಸುತ್ತದೆ. ಇಲ್ಲವೆಂದರೆ ಬ್ಲೋವರಿನ ವೈರಿನ ಸುತ್ತ ಉಂಗುರದಂತೆ ಕೂತು ಕರೆಂಟಿನ ಹರಿವನ್ನು ಗ್ರಹಿಸುವ ರಿಲೇ, ಅಥವಾ ಡಕ್ಟಿನ ಒತ್ತಡಕ್ಕೆ ಎಚ್ಚರಗೊಳ್ಳುವ ಸ್ವಿಚ್ಚು. ಬಲ್ಲ ಎಲೆಕ್ಟ್ರಿಷಿಯನ್ ಇವುಗಳಲ್ಲಿ ಒಂದನ್ನು ಅಚ್ಚುಕಟ್ಟಾಗಿ ಮಾಡಿಕೊಡುತ್ತಾನೆ. ಆದ್ದರಿಂದ ವಾದಕ್ಕಾಗಿ ವೈರಿಂಗ್ ಪೂರ್ತಿ ಸರಿಯಾಗಿದೆ, ಬೂಸ್ಟರು ಬ್ಲೋವರಿನ ನೆರಳಿನಂತೆ ಓಡುತ್ತದೆ, ನಿಲ್ಲುತ್ತದೆ ಎಂದೇ ಇಟ್ಟುಕೊಳ್ಳೋಣ.

ಅಲ್ಲೇ ಇರುವುದು ಮೂಲ ದೋಷ. ಫರ್ನೇಸ್ ಓಡುವುದು ಯಾರ ಮಾತು ಕೇಳಿ? ಹಾಲ್‌ನಲ್ಲೋ ಮೊಗಸಾಲೆಯಲ್ಲೋ, ಮನೆಯ ಅತಿ ಬೆಚ್ಚಗಿನ ನಡುಭಾಗದ ಗೋಡೆಗೆ ತೂಗುಹಾಕಿದ ಥರ್ಮೋಸ್ಟಾಟಿನ ಮಾತು ಕೇಳಿ. ಚಳಿ ಕೋಣೆಯಲ್ಲಿ ಏನಾಗುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಆ ಕೋಣೆಯ ಮೂರು ಗೋಡೆಗಳು, ಛಾವಣಿ, ನೆಲ ಎಲ್ಲವೂ ಹೊರಗಿನ ಚಳಿಗೆ ಮೈಯೊಡ್ಡಿ ಎಡೆಬಿಡದೆ ಬಿಸಿ ಕಳೆದುಕೊಳ್ಳುತ್ತಿರುತ್ತವೆ. ಹಾಲ್ ಮಾತ್ರ ಎಂಟು ನಿಮಿಷಕ್ಕೇ ಹಿತವಾಗಿ, ಥರ್ಮೋಸ್ಟಾಟ್ ತೃಪ್ತಿಗೊಂಡು ಫರ್ನೇಸನ್ನು ನಿಲ್ಲಿಸುತ್ತದೆ. ಚಳಿ ಕೋಣೆಗೆ ಸಹಾಯ ಬೇಕಿರುವುದು ಫರ್ನೇಸ್ ನಿಂತಿರುವ ಆ ದೀರ್ಘ ಹೊತ್ತಿನಲ್ಲಿ. ಬೂಸ್ಟರನ್ನು ಫರ್ನೇಸಿಗೆ ಕಟ್ಟಿದವರು ಅದನ್ನೂ ಹಾಲ್‌ನ ಥರ್ಮೋಸ್ಟಾಟಿಗೆ ಗುಲಾಮನನ್ನಾಗಿ ಮಾಡಿದ್ದಾರೆ. ಯಾವ ಯಂತ್ರದ ಕುರುಡಿನಿಂದ ಕೋಣೆ ಚಳಿಯಾಯಿತೋ ಅದೇ ಯಂತ್ರದ ಕೈಗೆ ಎರಡನೇ ಫ್ಯಾನಿನ ಕೀಲಿಯನ್ನೂ ಕೊಟ್ಟಂತಾಯಿತು.

ಫರ್ನೇಸ್ ಅಗತ್ಯಕ್ಕಿಂತ ದೊಡ್ಡದಾಗಿದ್ದರೆ, ಆ ದೇಶಗಳಲ್ಲಿ ಅದು ಸರ್ವೇಸಾಮಾನ್ಯ, ಸ್ಥಿತಿ ಇನ್ನೂ ಕೆಡುತ್ತದೆ. ದೊಡ್ಡ ಫರ್ನೇಸ್ ಹಾಲ್ ಅನ್ನು ಬೇಗ ಕಾಯಿಸಿ ಬೇಗ ನಿಲ್ಲುತ್ತದೆ; ದೂರದ ಡಕ್ಟಿನ ತಗಡು ಬಿಸಿಯಾಗುವ ಮುನ್ನವೇ ಆಟ ಮುಗಿದಿರುತ್ತದೆ. ಮನೆಗೆ ಎಷ್ಟು ಬಿಸಿ ಬೇಕೆಂದು ಕೋಣೆಕೋಣೆಯಾಗಿ ಲೆಕ್ಕ ಹಾಕಲು ಅಮೆರಿಕದ ಹವಾನಿಯಂತ್ರಣ ಗುತ್ತಿಗೆದಾರರ ಸಂಘದ ‘ಮ್ಯಾನ್ಯುಯಲ್ ಜೆ’ ಇದೆ, ಯಂತ್ರ ಆರಿಸಲು ‘ಮ್ಯಾನ್ಯುಯಲ್ ಎಸ್’, ಡಕ್ಟ್ ವಿನ್ಯಾಸಕ್ಕೆ ‘ಮ್ಯಾನ್ಯುಯಲ್ ಡಿ’. ವಸತಿ ಸಂಹಿತೆ ಇವುಗಳನ್ನು ಅನುಸರಿಸಬೇಕೆಂದೇ ಹೇಳುತ್ತದೆ. ಆದರೆ ಹಳೆಯ ಫರ್ನೇಸಿನ ಗಾತ್ರ ನೋಡಿ ಅಷ್ಟೇ ದೊಡ್ಡದನ್ನು, ಇಲ್ಲವೇ ‘ಇರಲಿ’ ಎಂದು ಒಂದು ಸುತ್ತು ದೊಡ್ಡದನ್ನು ಇಳಿಸಿಹೋಗುವ ಗುತ್ತಿಗೆದಾರರಿಗೆ ಬರವಿಲ್ಲ.

ಒಂದೇ ಯಂತ್ರದ ಒಂದೇ ಥರ್ಮೋಸ್ಟಾಟಿನಿಂದ ಇಡೀ ಮನೆಯನ್ನು ಆಳುವುದು ಸರಿಯಲ್ಲವೆಂಬ ಅರಿವು ಇಂದಿನದಲ್ಲ. ನ್ಯೂಜೆರ್ಸಿಯ ಮಾರಿಸ್‌ಟೌನಿನ ಆಲಿಸ್ ಪಾರ್ಕರ್ ಎಂಬ ಆಫ್ರಿಕನ್ ಅಮೆರಿಕನ್ ಮಹಿಳೆ 1919ರ ಡಿಸೆಂಬರಿನಲ್ಲಿ ಪಡೆದ ಗ್ಯಾಸ್ ಫರ್ನೇಸಿನ ಪೇಟೆಂಟಿನಲ್ಲಿ ಹಲವು ಬರ್ನರ್ ಘಟಕಗಳಿದ್ದವು. ಪ್ರತಿಯೊಂದನ್ನೂ ಬೇರೆಬೇರೆಯಾಗಿ ನಿಯಂತ್ರಿಸಿ ಮನೆಯ ಬೇರೆಬೇರೆ ಭಾಗಗಳಿಗೆ ಬೇರೆ ಡಕ್ಟುಗಳಲ್ಲಿ ಬಿಸಿ ಗಾಳಿ ಕಳಿಸಬಹುದಿತ್ತು. ಕೋಣೆಯ ಬೇಡಿಕೆಗೆ ಕೋಣೆಯೇ ದನಿಯೆತ್ತುವ ಕಲ್ಪನೆ ಅದು. ನೂರು ವರ್ಷಗಳ ನಂತರವೂ ಜನ ಆ ಕಲ್ಪನೆಯ ಹಿಂದಕ್ಕೇ ಹೋಗಿ ಫ್ಯಾನಿನ ಮೇಲೆ ಫ್ಯಾನ್ ಜೋಡಿಸುತ್ತಿದ್ದಾರೆ.

ಗಾಳಿ ಒಳಗೆ ಹೋದರೆ ಹೊರಗೂ ಬರಬೇಕಲ್ಲ? ಬಹಳಷ್ಟು ಮನೆಗಳಲ್ಲಿ ರಿಟರ್ನ್ ಕಿಂಡಿ ಇರುವುದು ಮೊಗಸಾಲೆಯಲ್ಲಿ ಒಂದೇ. ಮಲಗುವ ಕೋಣೆಯ ಬಾಗಿಲು ಮುಚ್ಚಿದರೆ ಗಾಳಿಗೆ ಹಿಂತಿರುಗಲು ಉಳಿಯುವುದು ಬಾಗಿಲ ಕೆಳಗಿನ ಸಂದು. ಅದೂ ದಪ್ಪ ಕಾರ್ಪೆಟ್ಟಿಗೆ ತಾಗಿಕೊಂಡಿದ್ದರೆ ಕೋಣೆಯಲ್ಲಿ ಒತ್ತಡ ಏರುತ್ತದೆ, ಬರುವ ಗಾಳಿ ತಾನೇ ತಗ್ಗುತ್ತದೆ. ಬೂಸ್ಟರ್ ಈ ಒತ್ತಡವನ್ನು ಇನ್ನಷ್ಟು ಏರಿಸುತ್ತದೆ. ದುಡ್ಡು ಕೊಟ್ಟು ಕಾಯಿಸಿದ ಗಾಳಿ ಕಿಟಕಿಯ ಬಿರುಕುಗಳಿಂದ, ಸ್ವಿಚ್ ಡಬ್ಬಿಗಳಿಂದ ಹೊರಗೆ ನುಸುಳುತ್ತದೆ. ಅಷ್ಟೇ ಪ್ರಮಾಣದ ಕೊರತೆ ಮನೆಯ ಉಳಿದ ಭಾಗದಲ್ಲಿ ಬೀಳುತ್ತದೆ. ಬೇಸ್‌ಮೆಂಟಿನಲ್ಲಿ ಚಿಮಣಿಯ ಸಹಜ ಸೆಳೆತದಿಂದ ಹೊಗೆ ಬಿಡುವ ಹಳೆಯ ಮಾದರಿಯ ಗ್ಯಾಸ್ ಗೀಸರ್ ಇದ್ದರೆ ಕೆಲವೇ ಪಾಸ್ಕಲ್‌ಗಳ ಕೊರತೆ ಸಾಕು, ಹೊಗೆ ಮೇಲೆ ಹೋಗುವ ಬದಲು ಮನೆಯೊಳಗೆ ಮಗುಚುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ವಾಸನೆಯಿಲ್ಲ, ಬಣ್ಣವಿಲ್ಲ. ಪ್ರತಿ ಬೂಸ್ಟರಿನಿಂದಲೂ ಹೀಗಾಗುತ್ತದೆ ಎನ್ನುವುದು ಅತಿರೇಕ. ಆದರೆ ಅಳೆಯದೆ ಫ್ಯಾನ್ ಕೂರಿಸುವವನು ತಾನು ಯಾವ ಸಾಲಿನವನೆಂದು ತಿಳಿಯದೆಯೇ ಕೂರಿಸುತ್ತಾನೆ.

‘ನಮ್ಮ ಮನೆಯಲ್ಲಿ ಕೆಲಸ ಮಾಡಿದೆ’ ಎಂಬುದು ಎದುರು ಪಕ್ಷದ ಬ್ರಹ್ಮಾಸ್ತ್ರ. ಕೆಲವೊಮ್ಮೆ ನಿಜವೂ ಹೌದು. ಆದರೆ ಫ್ಯಾನ್ ಕೂರಿಸಲು ಛಾವಣಿ ಬಿಚ್ಚಿದಾಗ ಇನ್ನೇನೇನು ಆಯಿತೆಂದು ಕೇಳಿ ನೋಡಬೇಕು. ಡಕ್ಟಿನೊಳಗೆ ಅರ್ಧ ಮುಚ್ಚಿಕೊಂಡಿದ್ದ ಡ್ಯಾಂಪರ್ ಎಂಬ ತಡೆಬಾಗಿಲು ತೆರೆಯಿತು. ಮಡಿಚಿಕೊಂಡಿದ್ದ ಫ್ಲೆಕ್ಸ್ ಡಕ್ಟ್ ನೆಟ್ಟಗಾಯಿತು; ಜೋಲುಬಿದ್ದ, ಸುಕ್ಕುಗಟ್ಟಿದ ಫ್ಲೆಕ್ಸ್ ಗಾಳಿಗೆ ಒಡ್ಡುವ ಅಡ್ಡಿ ಎಳೆದು ಕಟ್ಟಿದ್ದಕ್ಕಿಂತ ಎಷ್ಟೋ ಪಟ್ಟು. ಕಳಚಿಕೊಂಡಿದ್ದ ಒಂದು ಕೀಲು ಮತ್ತೆ ಸೇರಿತು. ಈ ಕೆಲಸಗಳ ಪುಣ್ಯವೆಲ್ಲ ಫ್ಯಾನಿನ ಖಾತೆಗೆ ಜಮೆಯಾಗುತ್ತದೆ. ಜೊತೆಗೆ ಫ್ಯಾನಿನ ಸದ್ದಿದೆ. ಬುಸುಗುಡುವ ಕಿಂಡಿ ಕೋಣೆ ಬೆಚ್ಚಗಾದ ಭ್ರಮೆ ಹುಟ್ಟಿಸುವುದರಲ್ಲಿ ಥರ್ಮಾಮೀಟರಿಗಿಂತ ಪ್ರಬಲ.

ಅಗ್ಗ ಎಂಬ ವಾದಕ್ಕೂ ಕಾಲಿಲ್ಲ. ಸಾಮಾನ್ಯ ಮನೆಯಲ್ಲಿ ಡಕ್ಟಿನಲ್ಲಿ ಹರಿಯುವ ಗಾಳಿಯ ಶೇ. 20ರಿಂದ 30ರಷ್ಟು ಸೋರಿಕೆ, ತೂತು, ಕಳಪೆ ಜೋಡಣೆಗಳಲ್ಲಿ ಪೋಲಾಗುತ್ತದೆ ಎಂದು ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮವೇ ಹೇಳುತ್ತದೆ. ಸೋರುವ ಸಂದುಗಳಿಗೆ ಬಳಿಯುವ ಮ್ಯಾಸ್ಟಿಕ್ ಎಂಬ ಅಂಟಿನ ಒಂದು ಬಕೆಟ್ ಮತ್ತು ಒಂದು ಬ್ರಷ್ಷಿನ ಬೆಲೆ ಬೂಸ್ಟರಿಗಿಂತ ಹೆಚ್ಚೇನಲ್ಲ. ಮ್ಯಾಸ್ಟಿಕ್ಕೇ ಬೇಕು, ಬಟ್ಟೆಯ ಬೆನ್ನಿನ ಡಕ್ಟ್ ಟೇಪು ಬೇಡ. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸಂಶೋಧಕರು 1998ರಲ್ಲಿ ಬಗೆಬಗೆಯ ಅಂಟುಗಳನ್ನು ಬಿಸಿಗೊಡ್ಡಿ ಪರೀಕ್ಷಿಸಿದಾಗ ಡಕ್ಟಿಗೆ ಅತಿ ಬೇಗ ಕೈಕೊಟ್ಟದ್ದು ಡಕ್ಟ್ ಟೇಪೇ. ಬೇಸ್‌ಮೆಂಟಿನಲ್ಲಿ ಕವಲುಗಳ ಬುಡದಲ್ಲಿ ಸಣ್ಣ ಹಿಡಿಕೆಯ ಡ್ಯಾಂಪರುಗಳು ಇದ್ದರೆ ಅವುಗಳಿಗೆ ಖರ್ಚೇ ಇಲ್ಲ: ಅತಿ ಬೆಚ್ಚಗಿನ ಕೋಣೆಗಳದ್ದನ್ನು ತುಸು ತಿರುಗಿಸಿ ಒಂದೆರಡು ದಿನ ಕಾಯುವುದು. ಮನೆ ಕೊಂಡಂದಿನಿಂದ ಆ ಹಿಡಿಕೆಗಳನ್ನು ಮುಟ್ಟದ ಮನೆಯೊಡೆಯರೇ ಹೆಚ್ಚು.

ಬೂಸ್ಟರಿಗೆ ನ್ಯಾಯವಾಗಿ ಸಲ್ಲುವ ಜಾಗ ಒಂದಿದೆ. ಸೋರಿಕೆ ಮುಚ್ಚಿಯಾಗಿದೆ, ಡ್ಯಾಂಪರ್ ಹೊಂದಿಸಿಯಾಗಿದೆ, ರಿಟರ್ನಿಗೆ ದಾರಿ ಮಾಡಿದೆ, ನೆಲಕ್ಕೆ ಇನ್ಸುಲೇಶನ್ ತುಂಬಿದೆ. ಆದರೂ ಗೋಡೆಯೊಳಗೆ ಸಿಕ್ಕಿಕೊಂಡ ಉದ್ದನೆಯ ಕಿರಿದಾದ ಕವಲೊಂದನ್ನು ಬದಲಿಸಲು ಸಾಧ್ಯವಿಲ್ಲ, ಒತ್ತಡ ಅಳೆದಾಗ ಕೊರತೆ ಅಲ್ಲೇ ಎಂದು ಖಚಿತವಾಗಿದೆ. ಆಗ ರೆಕ್ಕೆಯ ಆಟಿಕೆಗಿಂತ ಒತ್ತಡಕ್ಕೆ ನಿಲ್ಲಬಲ್ಲ ಸೆಂಟ್ರಿಫ್ಯೂಗಲ್ ಇನ್‌ಲೈನ್ ಫ್ಯಾನನ್ನು, ಆ ಕೋಣೆಯದೇ ಥರ್ಮೋಸ್ಟಾಟ್ ಕೇಳಿದಾಗ ಮತ್ತು ಬ್ಲೋವರೂ ಓಡುತ್ತಿರುವಾಗ, ಈ ಎರಡೂ ಷರತ್ತು ಕೂಡಿದಾಗ ಮಾತ್ರ ಓಡುವಂತೆ ಕಟ್ಟಬಹುದು. ಇಷ್ಟೆಲ್ಲ ಆದಮೇಲೆ ಆ ಕೋಣೆಗೆ ಒಂದು ಗೋಡೆ ಹೀಟರ್ ಅಥವಾ ಡಕ್ಟಿಲ್ಲದ ಹೀಟ್ ಪಂಪ್ ಹಾಕುವುದೇ ಸುಲಭವಿತ್ತಲ್ಲ ಎಂದು ಹೆಚ್ಚಿನವರಿಗೆ ಅನ್ನಿಸುತ್ತದೆ. ಅನ್ನಿಸಿದರೆ ತಪ್ಪೂ ಇಲ್ಲ.

ಫರ್ನೇಸಿಗೆ ಚಳಿ ಕೋಣೆಯ ಸುದ್ದಿ ಮುಟ್ಟಿಸಲು ವೈರೇ ಬೇಡ ಎಂಬುದು ಇನ್ನೊಂದು ಮಾತು. ಟೊರಾಂಟೊದ ಇಕೋಬೀ ಮೊದಲಾದ ಕಂಪನಿಗಳ ಥರ್ಮೋಸ್ಟಾಟುಗಳು ಕೋಣೆಯಲ್ಲಿಡುವ ಬೆಂಕಿಪೊಟ್ಟಣದಂಥ ಸೆನ್ಸರುಗಳಿಂದ ರೇಡಿಯೊ ಮೂಲಕ ತಾಪಮಾನ ತಿಳಿದು, ಸರಾಸರಿ ನೋಡಿ ಫರ್ನೇಸ್ ಓಡಿಸುತ್ತವೆ. ರಾತ್ರಿ ಮಲಗುವ ಕೋಣೆಯ ಸೆನ್ಸರಿಗಷ್ಟೇ ಕಿವಿಗೊಡು ಎಂದೂ ಹೇಳಿಡಬಹುದು. ಹಾಲ್ ಆಗ ಒಂದೆರಡು ಡಿಗ್ರಿ ಹೆಚ್ಚು ಕಾಯುತ್ತದೆ, ಗ್ಯಾಸಿನ ಬಿಲ್ಲು ತುಸು ಏರುತ್ತದೆ. ಪರಿಪೂರ್ಣ ಪರಿಹಾರವಲ್ಲ. ಆದರೆ ತಪ್ಪು ಕೋಣೆಯ ಮಾತು ಕೇಳುವ ಮೂಲ ದೋಷವನ್ನು ಇದಾದರೂ ಮುಟ್ಟುತ್ತದೆ. ತಗಡು ಕತ್ತರಿಸಿದ ಯಾವ ಬೂಸ್ಟರೂ ಅದನ್ನು ಮುಟ್ಟುವುದಿಲ್ಲ.

ಇಷ್ಟಾಗಿಯೂ ಯಾರಾದರೂ ಗುತ್ತಿಗೆದಾರನನ್ನು ಕರೆಸಿ ಬೂಸ್ಟರಿನ ಮಾತೆತ್ತಿದರೆ, ಅವನು ಫ್ಯಾನಿನ ದರ ಹೇಳುವ ಮೊದಲು ಅವನ ಬಳಿ ಮೂರು ಅಂಕಿಗಳನ್ನು ಕೇಳಬಹುದು: ಬ್ಲೋವರಿನ ಮೇಲೆ ಈಗಿರುವ ಒತ್ತಡ ಎಷ್ಟು, ಚಳಿ ಕೋಣೆಯ ಕಿಂಡಿಯಲ್ಲಿ ಈಗ ಬರುತ್ತಿರುವ ಗಾಳಿ ಎಷ್ಟು ಸಿಎಫ್‌ಎಂ, ಬಾಗಿಲು ಮುಚ್ಚಿದಾಗ ಆ ಕೋಣೆಗೂ ಮೊಗಸಾಲೆಗೂ ನಡುವಿನ ಒತ್ತಡದ ವ್ಯತ್ಯಾಸ ಎಷ್ಟು ಪಾಸ್ಕಲ್. ಮೂರನೆಯದು ಮೂರು ಪಾಸ್ಕಲ್ ದಾಟಿದ್ದರೆ ಬೇಕಿರುವುದು ಬಾಗಿಲ ಮೇಲೊಂದು ಗಾಳಿಕಿಂಡಿ. ಮೂರನ್ನೂ ಅಳೆಯಲು ಬೇಕಾದ ಉಪಕರಣಗಳು ಬಲ್ಲ ಗುತ್ತಿಗೆದಾರನ ವ್ಯಾನಿನಲ್ಲೇ ಇರುತ್ತವೆ, ಅರ್ಧ ಗಂಟೆಯ ಕೆಲಸ. ಅಳೆಯದೆಯೇ ಚೀಲದಿಂದ ಬೂಸ್ಟರ್ ತೆಗೆಯುವವನನ್ನು ಚಹಾ ಕೊಟ್ಟು ಕಳಿಸಬಹುದು.